ತೂತು ಮುಚ್ಚಿದ ಬೇಸಿಗೆ

ಹೋದ ತಿಂಗಳು ದೇವನಹಳ್ಳಿ ರಸ್ತೆಯ ಕಲ್ಯಾಣ ಮಂಟಪವೊಂದಕ್ಕೆ ಆರತಕ್ಷತೆಗೆ ಹೋಗಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆ. ಗಂಡು ಹೆಣ್ಣು ವೇದಿಕೆಗೆ ಬರುವ ಹೊತ್ತಿಗೆ ಎರಡು ಪೆಟ್ಟಿಗೆಗಳಿಂದ ಬಿಳಿ ಹೊಗೆ ಬಿಟ್ಟರು. ಅದು ಮೇಲಕ್ಕೆ ಏಳಲಿಲ್ಲ. ನೆಲ ಹಿಡಿದು ಹರಿಯಿತು. ಮೆಟ್ಟಿಲಿಳಿದು, ಮುಂದಿನ ಸಾಲಿನ ಕುರ್ಚಿಗಳ ಕಾಲುಗಳನ್ನು ಮುಚ್ಚಿ, ಅಲ್ಲಿ ನೆಲದ ಮೇಲೆ ಕೂತು ಆಡುತ್ತಿದ್ದ ಮಗುವೊಂದನ್ನು ಕತ್ತಿನವರೆಗೆ ಮುಚ್ಚಿತು. ಎಲ್ಲರೂ ಮೊಬೈಲ್ ಎತ್ತಿ ಹಿಡಿದಿದ್ದರು. ನಾನು ಎದ್ದುಹೋಗಿ ಮಗುವನ್ನು ಎತ್ತಿ ಕುರ್ಚಿಯ ಮೇಲೆ ನಿಲ್ಲಿಸಿದೆ. "ಯಾಕ್ ಸಾರ್, ಆಟ ಆಡ್ಕೊಳ್ಳಿ ಬಿಡಿ" ಎಂದು ಅದರ ತಾಯಿ ನಕ್ಕಳು.

ಅಷ್ಟು ದೊಡ್ಡ ಹಾಲಿನಲ್ಲಿ, ಅಷ್ಟೊಂದು ಬಾಗಿಲು ತೆರೆದಿರುವಾಗ ಅಷ್ಟು ಹೊಗೆಯಿಂದ ಏನೂ ಆಗುವುದಿಲ್ಲ. ಅದು ನನಗೆ ಗೊತ್ತು. ಆದರೂ ಮಗುವಿನ ಕಂಕುಳಿಂದ ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಬಗ್ಗಿದಾಗ ಮೂಗಿಗೆ ಗೋಲಿಸೋಡಾ ಒಡೆದಾಗ ಬರುವಂಥ ಚುರುಕು ತಾಗಿತ್ತು.

ಊಟಕ್ಕೆ ನಿಲ್ಲದೆ ಹೊರಟೆ. ಮಾರನೆಯ ಬೆಳಿಗ್ಗೆ ಆವತಿಗೆ ಮೊದಲ ಬಸ್ಸು ಹತ್ತಿದೆ. ಅಲ್ಲಿ ಪಿಳ್ಳಮ್ಮ ಎನ್ನುವವರಿದ್ದಾರೆ. ಅವರನ್ನು ಒಂದು ಮಾತು ಕೇಳಬೇಕಿತ್ತು. ಒಬ್ಬ ಮನುಷ್ಯ ಸಾಯುವ ಮೊದಲು, ಬಾಗಿಲಲ್ಲಿ ನಿಂತಿದ್ದ ನಾನು ಕೂಗಿ ಅವರನ್ನು ತಡೆದೆನೋ ಇಲ್ಲವೋ ಎಂದು. ಅದನ್ನು ನೋಡಿದ್ದವರು ಪಿಳ್ಳಮ್ಮ ಒಬ್ಬರೇ.

ಅದು ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನು ದೊಡ್ಡಬಳ್ಳಾಪುರದಲ್ಲಿ ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೀಟಿಗೆ ಕಾಯುತ್ತಾ ಮನೆಯಲ್ಲಿದ್ದೆ. ಕುಂದಾಣದ ಕಡೆ ದ್ರಾಕ್ಷಿ ತೋಟ ಮಾಡಿದ್ದ ಚನ್ನೇಗೌಡರು ನಮ್ಮ ತಂದೆಗೆ ಪರಿಚಯ. ಸುತ್ತಲಿನ ತೋಟಗಳ ಹಣ್ಣನ್ನೂ ಸೇರಿಸಿ ಅವರು ಮದ್ರಾಸಿಗೆ ಕಳಿಸುತ್ತಿದ್ದರು. ಅಲ್ಲಿಂದ ಅದು ಹಡಗಿನಲ್ಲಿ ಹೊರದೇಶಕ್ಕೆ ಹೋಗುತ್ತಿತ್ತು. "ಓದಿರೋ ಹುಡುಗ ಒಬ್ಬ ಬೇಕು ಕಣಪ್ಪಾ, ಹಣ್ಣಿನ ಶಾಖ ನೋಡಿ ಬರೆಯೋಕೆ. ನಮ್ಮೋರು ಕೈಯಿಟ್ಟು ನೋಡಿ ತಣ್ಣಗದೆ ಅಂತಾರೆ" ಎಂದು ಅವರು ಕೇಳಿದರು. ನಾನು ಹೋದೆ. ಕಿವಿಗೆ ಪೆನ್ನು ಸಿಕ್ಕಿಸಿಕೊಂಡು, ಥರ್ಮಾಮೀಟರ್ ಹಿಡಿದು ಓಡಾಡುತ್ತಿದ್ದುದರಿಂದ ಮೊದಲ ದಿನವೇ ಎಲ್ಲರ ಬಾಯಲ್ಲಿ ಮೇಷ್ಟ್ರಾದೆ.

ಹಣ್ಣು ಹೋಗುತ್ತಿದ್ದುದು ಒಂದು ಹಳೆಯ ಶೀತಲ ಟ್ರೈಲರಿನಲ್ಲಿ. ಯಾವುದೋ ಮೀನಿನ ಕಂಪನಿ ಮಾರಿದ್ದನ್ನು ಗೌಡರು ತಂದಿದ್ದರು. ಒಳಗೆಲ್ಲ ಬಿಳಿ ತಗಡು, ಗೇಣು ದಪ್ಪದ ಗೋಡೆ, ಕಿಟಕಿಯಿಲ್ಲ, ಹಿಂದೆ ಎರಡು ಬಾಗಿಲು. ಎಲ್ಲರೂ ಅದನ್ನು ಡಬ್ಬ ಎನ್ನುತ್ತಿದ್ದರು. ಎಳೆಯುವ ಲಾರಿ ಕಳಚಿಕೊಂಡು ಹೋದ ಮೇಲೆ ಡಬ್ಬ ಪ್ಯಾಕಿಂಗ್ ಶೆಡ್ಡಿನ ಪಕ್ಕ ಎರಡು ಕಬ್ಬಿಣದ ಕಾಲುಗಳ ಮೇಲೆ ಮುಂದಕ್ಕೆ ತುಸು ವಾಲಿಕೊಂಡು ನಿಲ್ಲುತ್ತಿತ್ತು. ನೆಲದ ನಾಲ್ಕು ಮೂಲೆಗಳಲ್ಲಿ ನಾಲ್ಕು ತೂತು, ಎರಡು ಬೆರಳು ಹೋಗುವಷ್ಟು. ತೊಳೆದ ನೀರು ಹೋಗಲು ಮಾಡಿದ್ದು. ಡಬ್ಬ ವಾಲಿರುತ್ತಿದ್ದುದರಿಂದ ನೀರೆಲ್ಲ ಮುಂದಿನ ಎರಡಕ್ಕೇ ಬರುತ್ತಿತ್ತು.

ಆ ತೂತುಗಳನ್ನು ನೋಡಿಕೊಳ್ಳುತ್ತಿದ್ದವರು ಮುನಿಯಪ್ಪ. ಪಿಳ್ಳಮ್ಮನ ತಮ್ಮ. ನನಗಿಂತ ಹದಿನೈದು ವರ್ಷ ದೊಡ್ಡವರು. ಡಬ್ಬ ಮದ್ರಾಸಿನಿಂದ ಖಾಲಿ ಬಂದ ಬೆಳಿಗ್ಗೆ ಪೈಪು ಬಿಟ್ಟು ತೊಳೆಯುವರು. ದ್ರಾಕ್ಷಿ ತೊಟ್ಟು, ಹುಲ್ಲು, ಕೊಳೆತ ಹಣ್ಣಿನ ಸಿಪ್ಪೆ ತೂತಿಗೆ ಕಚ್ಚಿಕೊಂಡಿರುತ್ತಿತ್ತು. ಬೆರಳು ದಪ್ಪದ ಕಬ್ಬಿಣದ ಸರಳಿನಿಂದ ಕೆಳಗಿನಿಂದ ತಿವಿದು ಬಿಡಿಸುವರು. ಹಣ್ಣಿನ ರಸ ಒಂದು ದಿನ ನಿಂತರೆ ಹೆಂಡದ ವಾಸನೆ ಹೊಡೆದು ಇರುವೆ ಬರುತ್ತದೆ. ತೂತಿನ ಬಾಯಿಗೆ ಕಂಪನಿಯವರು ಕೊಟ್ಟಿದ್ದ ರಬ್ಬರು ಹರಿದುಹೋಗಿತ್ತು. ಮುನಿಯಪ್ಪ ಸೈಕಲ್ ಟ್ಯೂಬನ್ನು ಗೇಣುದ್ದ ಕತ್ತರಿಸಿ ಪ್ರತಿ ತೂತಿನ ಕೆಳಗೂ ತಂತಿಯಿಂದ ಬಿಗಿದಿದ್ದರು. ನೀರು ಬಂದರೆ ಟ್ಯೂಬು ಬಾಯಿಬಿಡುತ್ತದೆ, ಇಲ್ಲದಿದ್ದರೆ ಚಪ್ಪಟೆಯಾಗಿ ಮುಚ್ಚಿಕೊಂಡಿರುತ್ತದೆ. "ಎಮ್ಮೆ ತುಟಿ ಇದ್ದಂಗೆ ನೋಡಿ ಮೇಷ್ಟ್ರೇ" ಎಂದು ತೋರಿಸಿದ್ದರು. ಯಾರೂ ಹೇಳಿಕೊಟ್ಟಿದ್ದಲ್ಲ.

ಆ ವರ್ಷ ಯುಗಾದಿಗೆ ಮೊದಲೇ ಬಿಸಿಲು ಸುಡುತ್ತಿತ್ತು. ಡಬ್ಬದ ತಂಪು ಮಾಡುವ ಯಂತ್ರ ಹಣ್ಣಿನ ಕಾಲದ ನಡುವೆ ಕೆಟ್ಟು ನಿಂತಿತು. ಮೆಕ್ಯಾನಿಕ್ ನಾಳೆ ಬರುತ್ತೇನೆ ಎನ್ನುತ್ತಲೇ ಇದ್ದ. ಹಣ್ಣು ಚಪ್ಪರದಲ್ಲಿ ಕಾಯುವುದಿಲ್ಲ. ಗೌಡರು ಬೆಂಗಳೂರಿನಿಂದ ಡ್ರೈ ಐಸ್ ತರಿಸಿದರು. ಬೆಳಿಗ್ಗೆ ಡಬ್ಬದ ಮುಂದಿನ ಗೋಡೆಗೆ ಗೋಣಿಚೀಲ ಸುತ್ತಿದ ಗಡ್ಡೆಗಳನ್ನು ಸಾಲಾಗಿ ಇಟ್ಟು ಬಾಗಿಲು ಹಾಕಿದರೆ ಸಂಜೆ ಹಣ್ಣು ತುಂಬುವ ಹೊತ್ತಿಗೆ ಒಳಗೆ ತಣ್ಣಗಾಗಿರುತ್ತಿತ್ತು. ಆಳುಗಳು ಅದನ್ನು ಹೊಗೆ ಐಸು ಎಂದರು. ಜಯಮ್ಮ ಎಂಬಾಕೆ ಒಂದು ಚೂರನ್ನು ನೀರಿನ ಲೋಟಕ್ಕೆ ಹಾಕಿ, "ನೋಡ್ರೇ, ಬೆಂಕಿ ಇಲ್ದೆ ಕುದೀತದೆ" ಎಂದು ಎಲ್ಲರಿಗೂ ತೋರಿಸಿದ್ದಳು.

ಡಬ್ಬದೊಳಗೆ ಮಧ್ಯಾಹ್ನದ ಊಟ ಶುರುವಾಗಿದ್ದು ಆಗಲೇ. ಶೆಡ್ಡಿನ ಮೇಲೆ ತಗಡು. ಹನ್ನೆರಡರ ನಂತರ ಕೂರಲು ಆಗುತ್ತಿರಲಿಲ್ಲ. ಹಣ್ಣು ವಿಂಗಡಿಸುತ್ತಿದ್ದ ಮೂವರು, ಪಿಳ್ಳಮ್ಮ, ಜಯಮ್ಮ, ಮತ್ತೆ ಮುನಿಯಪ್ಪನ ಹೆಂಡತಿ ರತ್ನಮ್ಮ, ನನ್ನನ್ನು ಕೇಳಿದರು. ತಂಪು ಹೋಗದ ಹಾಗೆ ಬಾಗಿಲು ಎಳೆದುಕೊಳ್ಳಿ, ಒಂದು ಗೇಣು ಸಂದು ಬಿಟ್ಟರೆ ಸಾಕು, ಹೊಸ್ತಿಲಿಗೆ ಒದ್ದೆ ಗೋಣಿ ಹಾಕಿ ಎಂದೆ. ಅವರು ಒರಗಲು ಗೋಡೆ ಸಿಗುತ್ತದೆಂದು ಮುಂದಿನ ತುದಿಗೆ ಹೋಗಿ ನೆಲದ ಮೇಲೆ ಚೀಲ ಹಾಸಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ನಿಂತು ತಿಂದರೆ ಮೈಗೆ ಹತ್ತುವುದಿಲ್ಲ ಎನ್ನುವ ಜನ. ಪಿಳ್ಳಮ್ಮನಿಗೆ ಮಾತ್ರ ಮಂಡಿನೋವು. ಅವರು ಕ್ರೇಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂರುವರು. "ಅಕ್ಕಂಗೆ ಸಿಂಹಾಸನ ಹಾಕ್ರೋ" ಎಂದು ರತ್ನಮ್ಮ ಪ್ರತಿ ಸಲ ಒಂದೇ ತಮಾಷೆ ಮಾಡುತ್ತಿದ್ದಳು. ಪ್ರತಿ ಸಲ ಎಲ್ಲರೂ ನಗುತ್ತಿದ್ದರು.

ಮೂರು ವಾರ ಹೀಗೆ ಉಂಡರು. ಏನೂ ಆಗಲಿಲ್ಲ.

ಒಂದು ಬೆಳಿಗ್ಗೆ ಮುಂದಿನ ತೂತಿನ ಕೆಳಗಿನ ಗುಂಡಿಯಲ್ಲಿ ಎರಡು ಕೋಳಿಮರಿ ಸತ್ತು ಬಿದ್ದಿದ್ದವು. ಗಾಯವಿರಲಿಲ್ಲ. "ಹಾವು ಮುಟ್ಟೈತೆ" ಎಂದಳು ಜಯಮ್ಮ. ಮುನಿಯಪ್ಪ ಗುಂಡಿಗೆ ಮಣ್ಣು ಎಳೆದರು. ನಾನು ನೋಡಲು ಬಗ್ಗಿದೆ. ಟ್ಯೂಬಿನ ತುಟಿಯಿಂದ ಬಿಳಿ ಹೊಗೆ ಎಳೆಯಾಗಿ ಸುರಿಯುತ್ತಿತ್ತು. ಮರಿಗಳು ಶೀತಕ್ಕೆ ಸತ್ತಿವೆ ಅಂದುಕೊಂಡೆ. ನನಗೆ ಕಂಡಿದ್ದು ಇಷ್ಟೇ: ನಮ್ಮ ತಂಪೆಲ್ಲ ಈ ತೂತಿನಲ್ಲಿ ಸೋರಿಹೋಗುತ್ತಿದೆ. ಅದೇ ವಾರ ಮದ್ರಾಸಿನಲ್ಲಿ ಹಣ್ಣು ಮೆತ್ತಗಾಗಿದೆ ಎಂದು ಒಂದು ಲೋಡನ್ನು ಬೇಡವೆಂದಿದ್ದರು. ಗೌಡರು ನನ್ನ ಮುಖ ನೋಡಿದ್ದರು.

"ಮುನಿಯಪ್ಪಣ್ಣ, ಈ ತೂತುಗಳನ್ನ ಮುಚ್ಚಬೇಕು" ಎಂದೆ.

"ಮುಚ್ಚುದ್ರೆ ನೀರ್ ಎಲ್ಲಿಗ್ ಹೋಗ್ಬೇಕು?"

"ಈ ಐಸು ಕರಗಿ ನೀರಾಗಲ್ಲ. ತಣ್ಣನೆ ಗಾಳಿ ಭಾರ ಇರುತ್ತೆ, ಕೆಳಗಿಳಿಯುತ್ತೆ. ಕೆಳಗೆ ತೂತಿದ್ರೆ ಎಲ್ಲಾ ಆಚೆಗೆ ಹೋಗುತ್ತೆ."

"ತೂತು ಇಟ್ಟೋರು ಸುಮ್ನೆ ಇಟ್ಟಿರ್ತಾರಾ ಮೇಷ್ಟ್ರೇ?"

"ಅವರು ಮೀನಿಗೆ ಇಟ್ರು. ನಮ್ಮದು ದ್ರಾಕ್ಷಿ."

ಪಿಳ್ಳಮ್ಮ ಹಣ್ಣಿನ ಗೊಂಚಲು ಕೈಯಲ್ಲಿ ಹಿಡಿದೇ ನಕ್ಕರು. "ಲೋ ಮುನಿಯಾ, ಬಿ.ಎಸ್ಸಿ. ಓದಿರೋರಿಗೆ ಬುದ್ಧಿ ಹೇಳ್ತೀಯಲ್ಲೋ. ಮೂರ್ನೇ ಕ್ಲಾಸಲ್ಲಿ ಗೋಡೆ ಹಾರ್ಕೊಂಡು ಓಡ್ಬಂದೋನು ನೀನು."

"ಮೂರಲ್ಲ ಕಣಕ್ಕ, ನಾಲ್ಕು" ಎಂದರು ಮುನಿಯಪ್ಪ. ಅಲ್ಲಿಗೆ ಅವರ ವಾದ ಮುಗಿಯಿತು.

ಮುಚ್ಚಲು ಏನು ಎಂದು ಯೋಚಿಸುವಾಗ ಪಿಳ್ಳಮ್ಮನೇ ದಾರಿ ತೋರಿಸಿದರು. ಕಾಳು ಬಿಡಿಸಿದ ಮುಸುಕಿನ ಜೋಳದ ಬೆಂಡು ಆ ತೂತಿಗೆ ಹೇಳಿ ಮಾಡಿಸಿದ ಅಳತೆ. ಡಬ್ಬ ಮತ್ತೆ ಮದ್ರಾಸಿಗೆ ಹೋಗಿ ಬಂದ ಬೆಳಿಗ್ಗೆ ಮನೆಯಿಂದ ನಾಲ್ಕು ಬೆಂಡು ಆರಿಸಿ ತಂದರು. ತಮ್ಮ ಹಳೇ ಸೀರೆಯ ತುಂಡನ್ನು ಸುತ್ತಿಕೊಟ್ಟರು. ಡಬ್ಬದೊಳಗೆ ನಿಂತು ಮುನಿಯಪ್ಪ ಒಂದೊಂದನ್ನೂ ಸುತ್ತಿಗೆಯಿಂದ ಬಡಿದರು. ನಾನು ಹೊರಗೆ ಮಂಡಿಯೂರಿ ಕೆಳಗಿನಿಂದ ನೋಡಿದೆ. ಹೊಗೆ ನಿಂತಿತ್ತು. ಹನ್ನೊಂದು ಗಂಟೆಗೆ ಥರ್ಮಾಮೀಟರ್ ನೋಡಿದಾಗ ಅಲ್ಲಿಯವರೆಗೆ ಎಂದೂ ಇಲ್ಲದಷ್ಟು ಇಳಿದಿತ್ತು. ಪುಸ್ತಕದಲ್ಲಿ ಬರೆದು ಅದರ ಕೆಳಗೆ ಗೆರೆ ಎಳೆದೆ.

ಆ ಮಧ್ಯಾಹ್ನ ಹೆಂಗಸರು ಊಟಕ್ಕೆ ಹೋದರು. ಮುನಿಯಪ್ಪ ಕ್ರೇಟುಗಳನ್ನು ತೊಳೆಯುತ್ತಿದ್ದರು. "ನೀವು ಉಣ್ತಿರಿ, ಬಂದೆ" ಎಂದರು. ನಾನು ಶೆಡ್ಡಿನಲ್ಲಿದ್ದೆ. ಹತ್ತು ನಿಮಿಷ ಆಗಿತ್ತೋ ಹದಿನೈದೋ. ಪಿಳ್ಳಮ್ಮ ಬಾಗಿಲಿನಿಂದ ಅರ್ಧ ಇಳಿದು ಅರ್ಧ ಬಿದ್ದು ಹೊರಗೆ ಬಂದರು. "ರತ್ನಿ ಮಲ್ಕೊಂಡ್ಬಿಟ್ಟವ್ಳೆ, ಎಬ್ಬಿಸಿದ್ರೆ ಏಳ್ತಿಲ್ಲ" ಎಂದು ಚಕ್ರಕ್ಕೆ ಒರಗಿ ಕೂತರು.

ನಾನು ಓಡಿಹೋಗಿ ಬಾಗಿಲು ಎಳೆದು ಹತ್ತಿದೆ. ಜಯಮ್ಮ ಗೋಡೆಗೆ ಒರಗಿದ್ದಳು, ತಟ್ಟೆ ಇನ್ನೂ ತೊಡೆಯ ಮೇಲೇ ಇತ್ತು. ರತ್ನಮ್ಮ ಅವಳ ಪಕ್ಕಕ್ಕೆ ವಾಲಿದ್ದಳು, ಬೆರಳಿಗೆ ಮುದ್ದೆ ಅಂಟಿತ್ತು. ಬಿಸಿಲಿಗೆ ದಣಿದು ನಿದ್ದೆ ಹೋದವರ ಹಾಗಿತ್ತು. ಎರಡು ಹೆಜ್ಜೆ ಇಟ್ಟೆ. ಮೂಗಿಗೆ ಸೋಡಾದ ಚುರುಕು ಬಂತು.

ಆ ಕ್ಷಣದಲ್ಲಿ ನನಗೆ ಕಾಲೇಜಿನ ಪ್ರಯೋಗಾಲಯ ಕಂಡಿತು. ಒಂದು ಖಾಲಿ ಜಾಡಿಯಂತೆ ಕಾಣುವುದನ್ನು ಉರಿಯುವ ಮೇಣದಬತ್ತಿಯ ಮೇಲೆ ನೀರು ಸುರಿದಂತೆ ಬಗ್ಗಿಸಿದರೆ ಬತ್ತಿ ಆರಿಹೋಗುತ್ತದೆ. ಒಳಗೆ ಇದ್ದುದು ಇಂಗಾಲದ ಡೈಆಕ್ಸೈಡ್. ಗಾಳಿಗಿಂತ ಭಾರ. ಡ್ರೈ ಐಸ್ ಅದೇ, ಗಡ್ಡೆ ಕಟ್ಟಿದ್ದು ಅಷ್ಟೇ. ಆ ಪ್ರಶ್ನೆಗೆ ನಾನು ಪೂರ್ತಿ ಅಂಕ ತೆಗೆದಿದ್ದೆ. ತಣ್ಣನೆ ಗಾಳಿ ಭಾರವೆಂದು ತೂತು ಮುಚ್ಚಿಸಿದವನಿಗೆ, ತೂತಿನಲ್ಲಿ ಹೋಗುತ್ತಿದ್ದುದು ಬರೀ ತಂಪಲ್ಲ ಎಂದು ಹೊಳೆದಿರಲಿಲ್ಲ. ಡಬ್ಬದ ಮುಂದಿನ ಅರ್ಧ, ಸೊಂಟದ ಎತ್ತರಕ್ಕೆ ತುಂಬಿದ ತೊಟ್ಟಿ ಎಂದು ತಿಳಿಯಿತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ನಾನು ಹಿಂದಕ್ಕೆ ಬಂದು ಕೆಳಗಿಳಿದು ಬಾಗಿಲು ಹಿಡಿದು ನಿಂತೆ.

ಮುನಿಯಪ್ಪ ಒದ್ದೆ ಕೈಯಲ್ಲೇ ಓಡಿಬಂದು ನನ್ನನ್ನು ದಾಟಿ ಹತ್ತಿದರು. ಹತ್ತಿರವಿದ್ದ ಜಯಮ್ಮನನ್ನು ರಟ್ಟೆ ಹಿಡಿದು ದರದರ ಎಳೆದು ತಂದರು. ನಾನು ಅವಳನ್ನು ಇಳಿಸಿಕೊಂಡು ನೆರಳಿನಲ್ಲಿ ಮಲಗಿಸಿದೆ. ಅವರು ಏದುಸಿರು ಬಿಡುತ್ತಾ ಹೆಂಡತಿಗಾಗಿ ಮತ್ತೆ ಒಳಗೆ ಹೋದರು. ಇಲ್ಲಿ ನನ್ನ ನೆನಪಿನಲ್ಲಿ ಒಂದು ಕೂಗು ಇದೆ. "ಬಗ್ಗಬೇಡ! ಬಗ್ಗಬೇಡ!" ಅದು ನನ್ನದೇ ಎಂದು ಇಷ್ಟು ವರ್ಷ ನಂಬಲು ನೋಡಿದ್ದೇನೆ. ಅವರು ಬಗ್ಗಿದರು. ರತ್ನಮ್ಮನ ಕಂಕುಳಿಗೆ ಕೈ ಹಾಕಿ ಎರಡು ಹೆಜ್ಜೆ ಎಳೆದರು. ಕೈ ಬಿಟ್ಟರು. ಗೋಡೆ ತಡಕುವವರಂತೆ ಎಡಗಡೆ ಮೂಲೆಯ ಕಡೆ ನಡೆದು ಅಲ್ಲಿ ಕಾಣದಾದರು.

ನಾನು ಒಳಗೆ ಹೋಗಲಿಲ್ಲ. ಡಬ್ಬದ ಕೆಳಗೆ ನುಸುಳಿದೆ. ಮುನಿಯಪ್ಪನ ಸರಳು ಅಲ್ಲೇ ಇತ್ತು. ಟ್ಯೂಬು ಕಿತ್ತು ಬಲಗಡೆಯ ಮುಂದಿನ ತೂತಿಗೆ ತಿವಿದೆ. ಬೆಂಡು ಮೇಲಕ್ಕೆ ಹಾರಿತು, ಹೊಗೆ ನನ್ನ ಮುಖದ ಮೇಲೇ ಸುರಿಯಿತು. ಉಸಿರು ಹಿಡಿದು ಎಡಗಡೆಗೆ ಉರುಳಿದೆ. ಆ ಬೆಂಡು ಏಳಲಿಲ್ಲ. ಎರಡೂ ಕೈಯಿಂದ ತಿವಿದೆ, ಭುಜ ಕೊಟ್ಟು ತಿವಿದೆ. ಮೆತ್ತಗೆ ಒಂದಿಷ್ಟು ಏರಿ ಮತ್ತೆ ಕೂರುತ್ತಿತ್ತು. ಬಟ್ಟೆ ಊದಿಕೊಂಡಿದೆ ಅಂದುಕೊಂಡೆ. ಮೇಲೆ ತೋಟದ ಗಂಡಸರು ಬಂದ ಸದ್ದು ಕೇಳಿತು. ಬಾಗಿಲುಗಳನ್ನು ಪೂರ್ತಿ ತೆರೆದರು, ಹೊಸ್ತಿಲ ಗೋಣಿ ಎಳೆದು ಬಿಸಾಡಿದರು. ಯಾರೋ ರತ್ನಮ್ಮನನ್ನು ಎಳೆದೊಯ್ದರು. ಆಮೇಲೆ "ಎತ್ರೋ, ಎತ್ರೋ" ಎಂದರು. ಅವರು ಎತ್ತಿದ ಗಳಿಗೆಯಲ್ಲಿ ಬೆಂಡು ತಾನಾಗಿ ಎದ್ದಿತು. ಸರಳು ನನ್ನ ಮುಷ್ಟಿಯವರೆಗೂ ಒಳಕ್ಕೆ ಹೋಯಿತು.

ಮುನಿಯಪ್ಪ ಆ ತೂತಿನ ಮೇಲೆ ಬೋರಲು ಬಿದ್ದಿದ್ದರು. ಅವರ ಎದೆಯ ಮೇಲೆ ನಾಲ್ಕಾಣೆ ಅಗಲದ ಒಂದು ಗುಂಡನೆ ಗುರುತಿತ್ತು. ಅದೇನೆಂದು ಯಾರೂ ಕೇಳಲಿಲ್ಲ.

ಜಯಮ್ಮ ಗಾಳಿಗೆ ಬಂದ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು. ರತ್ನಮ್ಮ ಎರಡು ದಿನ ಆಸ್ಪತ್ರೆಯಲ್ಲಿದ್ದು ಉಳಿದಳು. ಮುನಿಯಪ್ಪ ಮತ್ತೆ ಉಸಿರಾಡಲಿಲ್ಲ. ಕೇಳಲು ಬಂದ ಪೊಲೀಸರಿಗೆ ಗೌಡರು, ಕೆಟ್ಟ ಯಂತ್ರದ ಗ್ಯಾಸು ಸೋರಿರಬೇಕು ಎಂದರು. ಅದು ಸುಳ್ಳೆಂದು ಅವರಿಗೆ ಗೊತ್ತಿರಲಿಲ್ಲ. ಉಸಿರುಗಟ್ಟಿ ಸಾವು ಎಂದು ಬರೆದುಕೊಂಡರು. ನನ್ನನ್ನು ಕೇಳಿದಾಗ, ನಾನು ಶೆಡ್ಡಿನಲ್ಲಿದ್ದೆ ಎಂದೆ. ಅದು ನಿಜವೇ. ನಾಲ್ಕೂ ಬೆಂಡುಗಳನ್ನು ಊಟದ ಚೀಲದಲ್ಲಿ ಮನೆಗೆ ತಂದು ಬಚ್ಚಲ ಒಲೆಗೆ ಹಾಕಿದೆ. ಜೋಳದ ಬೆಂಡು ಬೇಗ ಹತ್ತಿಕೊಳ್ಳುತ್ತದೆ. ಆ ನೀರಿನಲ್ಲೇ ಸ್ನಾನ ಮಾಡಿದೆ. ಅಳು ಬರಬಹುದೆಂದು ಕಾದೆ, ಬರಲಿಲ್ಲ. ಊಟಕ್ಕೆ ಕರೆದರು, ಉಂಡೆ.

ಮಳೆಗಾಲದಲ್ಲಿ ಬಿ.ಎಡ್. ಸೀಟು ಸಿಕ್ಕಿತು. ನಿಜವಾಗಿಯೂ ಮೇಷ್ಟ್ರಾದೆ. ಪ್ರತಿ ವರ್ಷ ಒಂಬತ್ತನೇ ತರಗತಿಗೆ ಜಾಡಿ ಬಗ್ಗಿಸಿ ಮೇಣದಬತ್ತಿ ಆರಿಸುವ ಪ್ರಯೋಗ ಮಾಡಿ ತೋರಿಸಿದ್ದೇನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಾನು ಬತ್ತಿಯ ತುದಿಯ ಹೊಗೆ ಯಾವ ಕಡೆ ಇಳಿಯುತ್ತದೆ ಎಂದು ನೋಡುತ್ತಿರುತ್ತೇನೆ. ಅಷ್ಟೇ. ನೆಲದ ಮೇಲೆ ಕೂತು ಊಟ ಮಾಡುವುದನ್ನು ಮಾತ್ರ ಬಿಟ್ಟೆ. ಸೊಂಟನೋವು ಎಂದು ಹೇಳುತ್ತೇನೆ.

ಆವತಿಯಲ್ಲಿ ಪಿಳ್ಳಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ಯಾರೆಂದು ಹೇಳಬೇಕಾಯಿತು.

"ಅಯ್ಯೋ, ಮೇಷ್ಟ್ರು! ಎಷ್ಟ್ ಸಣ್ಣಗಾಗ್ಬಿಟ್ರಿ. ಕೂತ್ಕೊಳ್ಳಿ, ಕಾಫಿ ಕಾಯಿಸ್ತೀನಿ."

ನಾನು ಬೇಡವೆಂದೆ. ನಿಂತೇ ಕೇಳಿದೆ. "ಪಿಳ್ಳಮ್ಮ, ಅವತ್ತು ಬಾಗಿಲಲ್ಲಿ ಬಗ್ಗಬೇಡ ಅಂತ ನಾನು ಕೂಗಿದ್ನಾ?"

ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಿದರು. "ನೀವಾ? ಕೂಗಿದ್ದು ನಾನಲ್ವಾ. ಬುತ್ತಿ ಮುಚ್ಳ ಬಿತ್ತು ಅಂತ ಕ್ರೇಟ್ ಮೇಲಿಂದ ಬಗ್ಗಿದ್ದೆ, ಅವಾಗ್ಲೇ ತಲೆ ಗಿರ್ ಅಂದಿತ್ತು. ಅದ್ಕೇ ಬಗ್ಗಬೇಡ ಕಣೋ ಅಂತ ಬಡ್ಕೊಂಡೆ. ಎಲ್ಲಿ ಕೇಳ್ತಾನೆ, ಹೆಂಡ್ತಿ ಬಿದ್ದವ್ಳೆ."

"ನಾನು?"

"ನೀವು ಬಾಗ್ಲು ಹಿಡ್ಕೊಂಡು ನಿಂತಿದ್ರಿ. ಬಾಯಿ ತೆರ್ದಿತ್ತು. ಮಾತು ಬಂದಿರ್ಲಿಲ್ಲ." ಮತ್ತೆ ಕಾಯಿಗೆ ಕೈ ಹಾಕಿದರು. "ಪಾಪ, ಹೆದ್ರಿದ್ರಿ. ಚಿಕ್ಕೋರು ಆಗ."

ಅಲ್ಲಿಗೆ ಬಿಟ್ಟು ಬರಬಹುದಿತ್ತು. ಅವರೇ ಬಿಡುಗಡೆ ಕೊಟ್ಟಿದ್ದರು. ನಾನು ಹೇಳಿದೆ. ಹೆದರಿಕೆಯಲ್ಲ, ನನಗೆ ಗೊತ್ತಿತ್ತು ಎಂದೆ. ಯಂತ್ರದ ಗ್ಯಾಸಲ್ಲ, ತೂತು ಮುಚ್ಚಿದ್ದಕ್ಕೆ ಆಗಿದ್ದು ಎಂದೆ. ಐಸು, ಭಾರದ ಗಾಳಿ, ಕೋಳಿಮರಿ, ಎಲ್ಲವನ್ನೂ ತರಗತಿಯಲ್ಲಿ ಹೇಳುವ ಹಾಗೆ ಒಂದಾದ ಮೇಲೊಂದು ಹೇಳಿದೆ. ಅವರು ಪೂರ್ತಿ ಕೇಳಿದರು. ಸುಲಿದ ಸಿಪ್ಪೆಗಳನ್ನು ಕೈಯಲ್ಲಿ ಆಡಿಸಿದರು.

"ಬೆಂಡು ನಾನಲ್ವಾ ತಂದ್ಕೊಟ್ಟಿದ್ದು" ಎಂದರು.

"ಮುಚ್ಚು ಅಂದಿದ್ದು ನಾನು."

"ಅವ್ನು ಬೇಡ ಅಂದ. ನಾನು ನಗಾಡ್ದೆ."

ಬಸ್ಸಿನ ಹೊತ್ತಾಯಿತು ಎಂದು ತಿರುಗಿದೆ.

"ಎಲ್ಲಿಗ್ ಹೊರಟ್ರಿ?" ದನಿ ಗಟ್ಟಿಯಾಗಿತ್ತು.  "ರತ್ನಿ ಡೈರಿಗೆ ಹಾಲು ಹಾಕೋಕೆ ಹೋಗವ್ಳೆ, ಈಗ ಬರ್ತಾಳೆ. ನಂಗೆ ಹೇಳುದ್ರೆ ಆಯ್ತಾ? ಅವ್ಳಿಗೆ ಹೇಳಿ. ಕೂತ್ಕೊಳ್ಳಿ."

ಜಗಲಿಯಲ್ಲಿ ಇನ್ನೊಂದು ಕುರ್ಚಿಯಿರಲಿಲ್ಲ. ನೆಲದ ಮೇಲೆ ಕೂತೆ. ಸಿಮೆಂಟು ತಣ್ಣಗಿತ್ತು. ಸ್ವಲ್ಪ ಹೊತ್ತಿನ ಮೇಲೆ ನಾನು ಉಸಿರು ಹಿಡಿದಿರುವುದು ಗೊತ್ತಾಗಿ ಬಿಟ್ಟೆ.

ಖಾಲಿ ಕ್ಯಾನು ಹಿಡಿದು ಒಬ್ಬ ಹೆಂಗಸು ಒಳಗೆ ಬಂದರು. ನನ್ನನ್ನು ನೋಡಿ, "ಯಾರಕ್ಕ ಇವ್ರು?" ಎಂದರು.

"ದ್ರಾಕ್ಷಿ ಶೆಡ್ಡಲ್ಲಿದ್ದ ಮೇಷ್ಟ್ರು. ನಿನ್ನ ಹತ್ರ ಏನೋ ಹೇಳ್ಬೇಕಂತೆ."

ನಾನು ಏಳಲು ಹೋದೆ. "ಕೂತೇ ಹೇಳಿ" ಎಂದರು ಪಿಳ್ಳಮ್ಮ. ರತ್ನಮ್ಮ ಕ್ಯಾನನ್ನು ಪಕ್ಕಕ್ಕಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ನನ್ನ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

ನೀರು ಹೋಗುವ ತೂತಿನಿಂದ ಶುರು ಮಾಡಿದೆ.